ನೀರೂ ಮುಟ್ಟದ ಅಭ್ಯರ್ಥಿ

ಬೆಲ್ಲ ಕರಗುವ ವಾಸನೆ ಇದು, ಸಕ್ಕರೆಯದಲ್ಲ, ಒಳಗೆ ಪಾತ್ರೆಯ ತಳಕ್ಕೆ ಚಮಚ ತಾಗಿದ ಸಪ್ಪಳ, ಒಲೆಗೆ ಸೊಸೆ ಏನೋ ತುರುಕಿದಳು, ಹತ್ತಿಕಟ್ಟಿಗೆ ಇರಬೇಕು, ಚಟಚಟ ಹತ್ತಿಕೊಂಡಿತು, ಹೊಗೆ ಬಾಗಿಲ ಮೇಲ್ಗಡೆಯಿಂದ ಮೆಲ್ಲಗೆ ಹೊರಬಂದು ನನ್ನ ಕನ್ನಡಕದ ತನಕ ಬಂದು ಏನೋ ಯೋಚಿಸಿದಂತೆ ನಿಂತು ಬೇವಿನ ಗಿಡದ ಕಡೆ ತಿರುಗಿತು — ಹೊರಸಿನ ಹಗ್ಗ ಹೊಸದು, ಬಿಗಿಯಾಗಿದೆ, ಅರವತ್ತಾರು ವರ್ಷ ಈ ಊರಿನವನು ಅನ್ನಿಸಿಕೊಂಡ ನಾನು ದುರುಗವ್ವನ ಅಂಗಳದಲ್ಲಿ ಕೂತದ್ದು ಇದೇ ಮೊದಲು, ಶಿವನೇ, ಇದೇ ಮೊದಲು, ಈ ಓಣಿಗೆ ಬಂದದ್ದೇ ಎಷ್ಟು ಸಲ, ಬಂದಾಗಲೂ ನಿಂತೇ ಮಾತಾಡಿ ನಿಂತೇ ಹೋದದ್ದು. ಬರ್ರಿ ಸರ್, ಕುಂದರ್ರಿ ಅಂದಳು, ಎಂಬತ್ತರ ಹತ್ತಿರದ ಮುದುಕಿ, ಸೆರಗಿನಿಂದ ಹೊರಸು ಒರೆಸಿದಳು, ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದಳು, ಚಹಾ ಕುಡಿಯಾಕ ಬಂದೀನವ್ವಾ ಅಂದೆ, ಹೌದೇನ್ರಿ ಅಂದಳು, ಅಷ್ಟೇ, ಮುಖದಲ್ಲಿ ಏನೂ ತಿಳಿಯಲಿಲ್ಲ, ಒಳಗಿದ್ದ ಸೊಸೆಗೆ ಗಂಗಾ, ಚಹಾಕ್ಕ ಇಡು ಅಂತ ಕೂಗಿ ಕೋಲು ಹಿಡಿದು ಅಂಗಡಿ ಕಡೆ ಹೊರಟೇಬಿಟ್ಟಳು, ಎಲ್ಲಿಗವ್ವಾ ಅಂದರೆ ಬಂದೆ ತಡೀರಿ ಅಂದಳು, ಹಾಲಿಗೆ ಹೋಗಿರಬೇಕು, ಬೆಲ್ಲದ ಚಹಾಕ್ಕೆ ಹಾಲು ಮೊದಲೇ ಹಾಕಿದರೆ ಒಡೆಯುತ್ತದೆ, ಇಳಿಸಿದ ಮೇಲೆ ಹಾಕಬೇಕು, ಅಷ್ಟರೊಳಗೆ ಬಂದಾಳು. ಅವಸರವಿಲ್ಲ. ಈ ಮನೆಯ ಲೋಟದಲ್ಲಿ ಚಹಾ ಕುಡಿದೇ ಏಳುತ್ತೇನೆ, ಬೆಳಿಗ್ಗೆ ಪೂಜೆಗೆ ಕೂತು ಲಿಂಗವನ್ನು ಅಂಗೈಗೆ ತಗೊಂಡಾಗಲೇ ನಿಶ್ಚಯಿಸಿದ್ದು, ಓಟು ಕೇಳಲು ಬಂದದ್ದಲ್ಲ, ಓಟು ಎಲ್ಲಾ ಮುಗಿದವು, ಮುಂದಿನ ಸಲ ನಿಲ್ಲುವ ವಯಸ್ಸೂ ಇಲ್ಲ, ಒಂದು ಲೋಟ ಚಹಾ, ಅದನ್ನು ಆಕೆಯ ಕೈಯಿಂದ ತಗೊಂಡು ಆಕೆಯ ಎದುರಿಗೇ ಕುಡಿಯುವುದು, ಆಮೇಲೆ ಆಕೆ ಏನಾದರೂ ಅನ್ನಲಿ, ಬೈಯಲಿ, ಬೈದರೆ ಇನ್ನೂ ಛಲೋ.

ನಿನ್ನೆ ಕೊಪ್ಪಳದ ಕಾಲೇಜಿನ ಹಾಲಿನಲ್ಲಿ ಎಣಿಕೆ, ಬೆಂಚುಗಳನ್ನು ಗೋಡೆಗೆ ಸರಿಸಿದ್ದರು, ಒಂದು ಕಾಲಕ್ಕೆ ಇಂಥದೇ ಬೆಂಚುಗಳ ಎದುರಿಗೆ ಮೂವತ್ತೊಂದು ವರ್ಷ ನಿಂತವನು ನಾನು, ಧಾರವಾಡದಲ್ಲಿ, ರಾಜ್ಯಶಾಸ್ತ್ರ, ಯುರೋಪಿನ ಒಕ್ಕೂಟದ ಮೇಲೆ ಎರಡು ಪುಸ್ತಕ ಬರೆದ ಪ್ರೊಫೆಸರ್ ಶಾಂತಕುಮಾರ, ಈಗ ಕೊರಳಲ್ಲಿ ಅಭ್ಯರ್ಥಿ ಅನ್ನುವ ಚೀಟಿ ಹಾಕಿಕೊಂಡು ಹಗ್ಗದ ಈಚೆ ನಿಂತಿದ್ದೆ, ಪಂಚಾಯಿತಿ ಚುನಾವಣೆಯಾದ್ದರಿಂದ ಮತಪತ್ರ ಬಿಡಿಸಿ ಬಿಡಿಸಿ ಟ್ರೇಗೆ ಹಾಕುತ್ತಿದ್ದರು, ನನ್ನ ಚಿಹ್ನೆ ಹೊಲಿಗೆ ಯಂತ್ರ, ಹೊಲಿಗೆ ಯಂತ್ರದ ಟ್ರೇಯ ತಳ ಕೊನೆಯ ತನಕ ಕಾಣುತ್ತಲೇ ಇತ್ತು, ನಲವತ್ತೊಂದು. ನಮ್ಮ ವಾರ್ಡಿನಲ್ಲಿ ಆರುನೂರರ ಮೇಲೆ ಓಟು. ರಾತ್ರಿ ಎಂಟಕ್ಕೆ ಎಂದಿನಂತೆ ಅನ್ನಪೂರ್ಣೆಯ ಫೋನು, ನನ್ನ ಹೆಂಡತಿ, ಆಕೆ ಧಾರವಾಡ ಬಿಟ್ಟು ಬರಲಿಲ್ಲ, ನೀವು ಹೋಗ್ರಿ, ಊರು ಉದ್ಧಾರ ಮಾಡ್ರಿ, ನನ್ನ ಸಂಗೀತದ ಕ್ಲಾಸು ಯಾರು ನೋಡ್ಕೋತಾರ ಅಂದವಳು, ಎಷ್ಟು ಬಂದುವ್ರಿ ಅಂದಳು, ನಲವತ್ತೊಂದು ಅಂದೆ, ನಿಮ್ಮ ಕ್ಲಾಸಿನ್ಯಾಗ ಅಷ್ಟು ಮಂದಿ ಎಂದೂ ಕುಂತಿದ್ದಿಲ್ಲ, ಖುಷಿ ಪಡ್ರಿ ಅಂದಳು, ಇಬ್ಬರೂ ನಕ್ಕೆವು, ಫೋನು ಇಟ್ಟ ಮೇಲೆ ಆ ನಗು ಮಾತ್ರ ಕೋಣೆಯಲ್ಲಿ ಉಳಿಯಿತು, ಕಟ್ಟು ಬಿಚ್ಚದ ಪುಸ್ತಕದ ಚೀಲಗಳು, ಒಬ್ಬನ ಪಾತ್ರೆ, ಒಬ್ಬನ ಅನ್ನ. ಆದರೆ ಅದಕ್ಕೂ ಮೊದಲು, ಸಂಜೆಯ ಬಸ್ಸು, ಗಿಣಿಗೇರಾದಲ್ಲಿ ಹತ್ತಿದಳು ಗಂಗಾ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ, ಬಿ.ಎ. ಓದಿದ ಹುಡುಗಿ, ನಮ್ಮೂರಿನಲ್ಲಿ ಇಬ್ಬರೂ ಇಳಿದೆವು, ಕತ್ತಲಾಗುವ ಮೊದಲೇ ಮನೆ ಸೇರಬೇಕೆಂದು ಆಕೆ ಜೋರಾಗಿ ನಡೆದವಳು ತಟ್ಟನೆ ನಿಂತು ತಿರುಗಿದಳು, ಸರ್, ಸುಳ್ಳು ಹೇಳಂಗಿಲ್ರಿ, ನಾನೂ ನಿಮಗ ಹಾಕಲಿಲ್ಲ. ಯಾಕವ್ವಾ ಅಂದೆ, ಯಾಕೆ ಎಂದು ಕೇಳುವ ಹಕ್ಕಿಲ್ಲ, ಗುಪ್ತ ಮತದಾನ ಅಂತ ನಾನೇ ಪಾಠ ಮಾಡಿದವನು, ಆದರೂ ಕೇಳಿದೆ. ಅವತ್ತು ನಮ್ಮನಿ ಚಹಾ ಬ್ಯಾಡ ಅಂದ್ರೆಲ್ಲಾ ಸರ್, ನಮ್ಮತ್ತಿ ಅದನ್ನ ಚೆಲ್ಲಿ ಎರಡು ದಿನ ಯಾರ ಕೂಡಾನೂ ಮಾತಾಡಲಿಲ್ರಿ, ನಮ್ಮ ಓಣ್ಯಾಗ ಒಂದು ಮನ್ಯಾರೂ ನಿಮಗ ಹಾಕಿಲ್ಲ. ಹೇಳಿ ಆಕೆ ನಿಲ್ಲಲಿಲ್ಲ. ನಾನು ನಿಂತೆ, ಬಸ್ಸು ಮುಂದಿನ ಊರಿಗೆ ಹೋಗಿ ತಿರುಗಿ ಬರುವ ತನಕ ನಿಂತಿದ್ದೆ ಎಂದು ಕಾಣುತ್ತದೆ, ಯಾಕೆಂದರೆ ಅದೇ ಕಂಡಕ್ಟರು ಬರ್ತೀರೇನ್ರಿ ಸರ್ ಎಂದು ಕೇಳಿದ.

ಸೋತದ್ದಕ್ಕೆ ಅಲ್ಲ. ಸೋಲು ನನಗೆ ಅರ್ಥವಾಗುವ ವಿಷಯ, ಊರಿಗೆ ಬಂದು ಎರಡು ವರ್ಷವಾಗಿಲ್ಲ, ಕೆರೆಕಟ್ಟೆಯ ಮೇಲೆ ನಿಂತು ಯುರೋಪು ಯುರೋಪು ಎಂದವನಿಗೆ ಯಾರು ಓಟು ಹಾಕಿಯಾರು, ಪಂಕ್ಚರ್ ಅಂಗಡಿ ಫಾರೂಕ ಮೊದಲೇ ಹೇಳಿದ್ದ, ಬಾಲ್ಯದ ಗೆಳೆಯ, ಸರ್ ಎಂದು ಕರೆದೇ ಬೈಯುವವನು, ಸರ್, ಮಂದಿ ನಿಮ್ಮ ಹಿಂದಿಂದ ಯುರೋಪ್ ಗೌಡ ಅಂತಾರ, ಮುಂದ ಮಾತ್ರ ಸರ್ ಅಂತಾರ, ಖಬರ್ ಐತೇನು. ಅನ್ನಲಿ ಬಿಡು ಅಂದಿದ್ದೆ. ಅವನ ಅಂಗಡಿಯ ಮುಂದೆ ಹಳೇ ಟೈರಿನ ಮೇಲೆ ಕೂತು ಕಥೆಯ ಹಾಗೆ ಹೇಳುತ್ತಿದ್ದೆ, ಏನಪಾ ಅಂದರೆ, ನದಿಯ ಆಚೆ ಒಂದು ದೇಶ, ಈಚೆ ಒಂದು ದೇಶ, ಎಪ್ಪತ್ತು ವರ್ಷದೊಳಗೆ ಮೂರು ಸಲ ಹೊಡೆದಾಡಿದರು, ಮನೆಗೊಂದು ಹೆಣ, ಕೊನೆಗೆ ಬುದ್ಧಿವಂತರು ಕೂತು ಹೇಳಿದರು, ಜಗಳಕ್ಕೆ ಬೇಕಾದದ್ದು ಕಲ್ಲಿದ್ದಲು ಮತ್ತು ಉಕ್ಕು, ಎರಡನ್ನೂ ಕೂಡಿ ಒಂದೇ ಮನೆಯಲ್ಲಿ ಇಡೋಣ, ಆಗ ಒಬ್ಬ ಕತ್ತಿ ಮಾಡಬೇಕೆಂದರೂ ಇನ್ನೊಬ್ಬನನ್ನು ಕೇಳಬೇಕು, ಅಲ್ಲಿಂದ ಶುರುವಾದದ್ದು ಇವತ್ತು ಇಪ್ಪತ್ತೇಳು ದೇಶ. ಉಕ್ಕು ನಮ್ಮಲ್ಲೂ ಐತಿ ಸರ್, ಗಿಣಿಗೇರಾದಾಗ, ಆದ್ರ ನಾವು ಅದಕ್ಕ ಹೊಡದಾಡಂಗಿಲ್ಲ, ನೀರಿಗೆ ಹೊಡದಾಡ್ತೀವಿ ಅಂದ ಫಾರೂಕ. ಅದೇ, ಅದೇ ನಾನು ಹೇಳುತ್ತಿದ್ದದ್ದು, ನಮ್ಮೂರು, ಕೆರೆಯಾಚೆಯ ಊರು, ಒಂದೇ ಕೆರೆ, ಒಂದೇ ತೂಬು, ವರ್ಷಕ್ಕೊಮ್ಮೆ ತೂಬಿನ ಮೇಲೆ ತಲೆ ಒಡೆಯುತ್ತದೆ, ತೂಬಿಗೆ ಎರಡು ಬೀಗ ಹಾಕೋಣ, ಒಂದು ಕೀಲಿ ಇವರಿಗೆ ಒಂದು ಅವರಿಗೆ, ಇಬ್ಬರೂ ಬಂದರೇ ತೆರೆಯಬೇಕು. ಫಾರೂಕ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತ, ಎರಡೂ ಊರಿನಾವ್ರು ಕೀಲಿ ಕಳಕೊಂಡ್ರ ಏನು ಮಾಡೂದ್ರಿ ಸರ್, ಅದನ್ನ ನಿಮ್ಮ ಯುರೋಪಿನಾಗ ಬರದಾರೇನು. ನಗು ಬಂತು. ಇದನ್ನೇ ಕೆಳಗಿನ ಓಣಿಯಲ್ಲೂ ಹೇಳಿದೆ, ದಲಿತರ ಓಣಿ, ಇದೇ ಬೇವಿನ ಗಿಡದ ಹತ್ತಿರ ಹತ್ತು ಹನ್ನೆರಡು ಮಂದಿ, ದುರುಗವ್ವ ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಎಲ್ಲವನ್ನೂ ಕೇಳಿ ಕೊನೆಗೆ, ಎಲ್ಲಾ ಛಲೋ ಐತ್ರಿ, ಆದ್ರ ಆ ದೇಶದಾಗ ನಮ್ಮಂಥಾವ್ರು ಯಾವ ಓಣ್ಯಾಗ ಇರ್ತಾರ್ರಿ. ಅಲ್ಲಿ ಅಂಥಾ ಓಣೀನೇ ಇಲ್ಲವ್ವಾ ಅಂದೆ. ಹಂಗಾದ್ರ ಕಸ ಯಾರು ಹೊಡೀತಾರ್ರಿ ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುವಾಗಲೇ ಕಣ್ಣೆದುರು ಬಂತು ಯುರೋಪಿನಲ್ಲಿ ನಾನು ಸಂಶೋಧನೆಗೆಂದು ಇದ್ದ ಸ್ಟ್ರಾಸ್‌ಬರ್ಗಿನ ಆ ಬೆಳಗಿನ ಟ್ರಾಮು, ಇನ್ನೂ ಮಂಜು ಇರುವಾಗಲೇ ಊರಾಚೆಯ ಎತ್ತರದ ಕಟ್ಟಡಗಳಿಂದ ಇಳಿದು ಬರುವ ಮೊರಾಕ್ಕೊದ ಹೆಂಗಸರು, ತಲೆವಸ್ತ್ರ, ಕೈಯಲ್ಲಿ ಬಕೆಟ್ಟು, ಅವರಿಗೂ ಒಂದು ಓಣಿ ಇತ್ತು, ಆದರೆ ನಾನು ಬರೆದ ಎರಡೂ ಪುಸ್ತಕಗಳಲ್ಲಿ ಆ ಟ್ರಾಮು ಬರುವುದಿಲ್ಲ.

ಗಂಗಾ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು, ಅತ್ತೆ ಇನ್ನೂ ಬಂದಿಲ್ಲ, ಚಹಾ ಕುದಿದು ಕುದಿದು ಗಟ್ಟಿಯಾಗುತ್ತಿದೆ, ಯಾಲಕ್ಕಿ ಹಾಕಿದಳೋ ಏನೋ, ಇಲ್ಲ, ಶುಂಠಿ. ಸ್ಟ್ರಾಸ್‌ಬರ್ಗಿನಲ್ಲಿ ನಾನಿದ್ದ ಮನೆಯ ಯಜಮಾನಿ ಮದಾಮ್ ಕ್ಲೇರ್, ಆಕೆಯೂ ಮುದುಕಿಯೇ, ಇಪ್ಪತ್ತು ವರ್ಷ ತನ್ನ ಪೇಟೆಯ ನಗರಸಭೆಯಲ್ಲಿ ಸದಸ್ಯೆಯಾಗಿದ್ದವಳು, ಚಳಿಯಲ್ಲಿ ಅಡುಗೆಮನೆಯ ಒಲೆಯ ಹತ್ತಿರ ಕೂರಿಸಿಕೊಂಡು ಹೇಳುತ್ತಿದ್ದಳು, ಪ್ರಚಾರಕ್ಕೆ ಹೋದಾಗ ಯಾರ ಮನೆಯಲ್ಲೂ ಒಂದು ಕಾಫಿ ಕೂಡ ಕುಡಿಯಲಿಲ್ಲ ನಾನು, ಒಬ್ಬರ ಕಾಫಿ ಕುಡಿದರೆ ನಾಳೆ ಅವರ ಅರ್ಜಿ ಬೇರೆಯವರ ಅರ್ಜಿಗಿಂತ ಮೇಲೆ ಬರುತ್ತದೆ. ಎಂಥ ಮಾತು ಅನ್ನಿಸಿತ್ತು, ಮಂತ್ರದ ಹಾಗೆ ಇಟ್ಟುಕೊಂಡು ಬಂದೆ, ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದೆ, ಇಲ್ಲಿ ಚುನಾವಣೆಗೆ ನಿಂತಾಗ ಕರಪತ್ರದಲ್ಲೇ ಹಾಕಿಸಿದೆ, ಹಳದಿ ಹಾಳೆ, ಮೂರನೆಯ ಸಾಲು, ನಾನು ಯಾರಿಗೂ ಏನನ್ನೂ ಕೊಡುವುದಿಲ್ಲ, ಯಾರ ಮನೆಯಲ್ಲೂ ನೀರೂ ಮುಟ್ಟುವುದಿಲ್ಲ. ನೀರೂ ಮುಟ್ಟುವುದಿಲ್ಲ! ಕೊಪ್ಪಳದ ಪ್ರೆಸ್ಸಿನವನು ಕರಡು ಕೊಟ್ಟಾಗ ಎರಡು ಸಲ ಓದಿದೆ, ಅಲ್ಪವಿರಾಮ ತಿದ್ದಿದೆ, ಆ ಸಾಲು ಈ ಓಣಿಯಲ್ಲಿ ಹೇಗೆ ಕೇಳುತ್ತದೆ ಎಂದು ಹೊಳೆಯಲಿಲ್ಲ, ಎದೆಯ ಮೇಲೆ ಲಿಂಗ, ಊರಿನ ದೊಡ್ಡ ಮನೆಯ ಮಗ, ಕೈಯಲ್ಲಿ ನೀರೂ ಮುಟ್ಟುವುದಿಲ್ಲ ಎಂಬ ಹಾಳೆ. ಎದುರಾಳಿಯ ಕಡೆಯವರು ಅದನ್ನೇ ಹಿಡಿದು ಮನೆಮನೆಗೆ ಓದಿದರಂತೆ, ನೋಡ್ರಿ, ಅಚ್ಚು ಹಾಕಿಸ್ಯಾನ, ನಾವೇನು ಸುಳ್ಳು ಹೇಳಾಕತ್ತಿಲ್ಲ. ಸುಳ್ಳಲ್ಲವಲ್ಲ. ಫಾರೂಕ ಹೇಳಿದ್ದ, ಮೊದಲ ದಿನವೇ ಹೇಳಿದ್ದ, ಸರ್, ಮ್ಯಾಲಿನ ಓಣ್ಯಾಗ ಬೇಕಾದ್ರ ಬ್ಯಾಡ ಅನ್ರಿ, ಆ ಓಣ್ಯಾಗ ಮಾತ್ರ ಕುಡೀರಿ, ಇಜ್ಜತ್ ಪ್ರಶ್ನೆ ಐತಿ. ನಾನೇನು ಹೇಳಿದೆ? ನಿಯಮ ಅಂದ್ರ ಎಲ್ಲರಿಗೂ ಒಂದೇ ಫಾರೂಕ, ಒಂದು ಓಣಿಗೆ ಒಂದು ನಿಯಮ ಅಂದ್ರ ಅದೇ ಭೇದ. ಎಷ್ಟು ಸರಿಯಾದ ಮಾತು, ಇವತ್ತಿಗೂ ಅದರಲ್ಲಿ ತಪ್ಪು ಹುಡುಕಲಾರೆ, ಮೇಲಿನ ಓಣಿಯಲ್ಲಿ ಕೈ ಮುಗಿದು ಬ್ಯಾಡ ಅಂದಾಗ ಭಾಳ ಶಿಸ್ತಿನ ಮನಷ್ಯಾರು ಅಂದರು, ಇಲ್ಲಿಯೂ ಅದೇ ಕೈ, ಅದೇ ಮಾತು — ಮದಾಮ್ ಕ್ಲೇರಳ ಊರಿನಲ್ಲಿ ಕಾಫಿ ಬೇಡ ಎಂದರೆ ಕಾಫಿ ಬೇಡ ಎಂದಷ್ಟೇ, ಇಲ್ಲಿ ಅದಕ್ಕೆ ಎಷ್ಟು ತಲೆಮಾರುಗಳ ಕಿವಿ. ಅವತ್ತು ದುರುಗವ್ವ ಎರಡೂ ಕೈಯಲ್ಲಿ ಹಿಡಿದು ತಂದಳು, ಸ್ಟೀಲಿನ ಲೋಟ, ಮಗನ ಲಗ್ನಕ್ಕೆ ಆಕೆಯ ಗಂಡ ಮುದಿಯಪ್ಪ ಕೊಂಡ ಪಾತ್ರೆಗಳಲ್ಲಿ ಒಂದು, ಅಂಚಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಅವನ ಹೆಸರು ಕೊರೆಸಿತ್ತು, ತೀರಿಕೊಂಡು ನಾಲ್ಕು ವರ್ಷ, ನಮ್ಮ ಮನೆಯಲ್ಲಿ ಸಂಬಳಕ್ಕಿದ್ದವನು, ಮಳೆಗಾಲದಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿ ಸಾಲಿಗೆ ಬಿಟ್ಟವನು. ತಗೋರಿ, ನೀವು ನಮ್ಮನಿ ಮಟ ಬಂದಿದ್ದು ಅಂವ ಇದ್ರ ಭಾಳ ಖುಷಿ ಪಡ್ತಿದ್ದ. ಬ್ಯಾಡವ್ವಾ, ನಿಯಮ ಐತಿ. ಆಕೆ ನಿಂತೇ ಇದ್ದಳು, ಲೋಟದಿಂದ ಹಬೆ ಏಳುತ್ತಿತ್ತು, ಆಕೆಯ ಗಲ್ಲಕ್ಕೆ ತಾಗುತ್ತಿತ್ತು, ನಾನು ಇಪ್ಪತ್ತೇಳು ದೇಶದ ಕಥೆ ಹೇಳಿ, ಕೈ ಮುಗಿದು, ಮುಂದಿನ ಮನೆಗೆ ಹೋದೆ. ಓಣಿ ಮುಗಿಸಿ ತಿರುಗಿ ಬರುವಾಗ ಲೋಟ ಕಟ್ಟೆಯ ಕಲ್ಲಿನ ಮೇಲಿತ್ತು, ಕೆನೆಗಟ್ಟಿತ್ತು, ಯಾರೂ ಇರಲಿಲ್ಲ, ನಾನು ಅದನ್ನು ನೋಡಿದೆ, ನೋಡಿ ನನ್ನ ಸಂಯಮದ ಬಗ್ಗೆ ಹೆಮ್ಮೆ ಪಟ್ಟೆ, ಶಿವನೇ, ಹೆಮ್ಮೆ ಪಟ್ಟೆ.

ಅದಕ್ಕೇ ಬಂದೆ. ಹೇಳಬೇಕಾದ ಮಾತು ಏನೂ ತಂದಿಲ್ಲ, ದಾರಿಯಲ್ಲಿ ಒಂದೆರಡು ವಾಕ್ಯ ಕೂಡಿಸಿ ನೋಡಿದೆ, ಅವ್ವಾ, ಅದು ಜಾತಿಯಿಂದಲ್ಲ, ಅದು ತತ್ವದಿಂದ, ಛೇ, ತತ್ವ ಎನ್ನುವ ಶಬ್ದ ಬಾಯಲ್ಲೇ ಮರಳಿನಂತಾಯಿತು, ನಿಜವಾಗಿಯೂ ಜಾತಿಯಿಂದಲ್ಲವೇ, ಒಂದು ಎಳೆಯೂ ಇಲ್ಲವೇ, ಅರವತ್ತಾರು ವರ್ಷ ಈ ಓಣಿಯಲ್ಲಿ ಒಂದು ಗುಟುಕು ಕುಡಿಯದೆ ಇದ್ದವನಿಗೆ ಬೇಡ ಎನ್ನುವುದು ಎಷ್ಟು ಸಲೀಸಾಗಿ ಬಂತು, ನಾಲಿಗೆಗೆ ಮೊದಲೇ ರೂಢಿ ಇದ್ದ ಹಾಗೆ. ನಾಳೆಯಿಂದ ಏನು ಮಾಡುವುದು, ಪ್ರಚಾರದ ಆ ಇಪ್ಪತ್ತು ದಿನ ಎಷ್ಟು ಬಾಗಿಲು ತೆರೆದಿದ್ದವು, ಬರ್ರಿ ಬರ್ರಿ ಅಂದವರು, ಸೊಂಟನೋವು ಹೇಳಿಕೊಂಡವರು, ರೇಷನ್ ಕಾರ್ಡು ತಂದು ತೋರಿಸಿದವರು, ಇಷ್ಟು ಮಂದಿಯ ಜೊತೆ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ, ರಾತ್ರಿ ಅನ್ನಪೂರ್ಣೆಗೆ ಫೋನಿನಲ್ಲಿ ಹೇಳಿ ಮುಗಿಯುತ್ತಲೇ ಇರಲಿಲ್ಲ, ಅಬ್ಬಾ, ನಿಮಗ ಮಾತು ಬಂದಾವ ಅಂದಿದ್ದಳು, ಈಗ ಆ ಬಾಗಿಲುಗಳ ಮುಂದೆ ಯಾವ ನೆವದಿಂದ ನಿಲ್ಲಲಿ. ಒಂದು ಬಾಗಿಲಾದರೂ ಉಳಿಯಲಿ. ಈ ಒಂದು. — ಕೋಲಿನ ಸಪ್ಪಳ. ಬಂದಳು. ಬಿಸಿಲಿಗೆ ಹಣೆಯೆಲ್ಲ ಬೆವರು, ಸೆರಗಿನೊಳಗೆ ಏನೋ ಉದ್ದಕ್ಕೆ ಹಿಡಿದಿದ್ದಾಳೆ, ಹಾಲಿನ ಪ್ಯಾಕೆಟ್ಟು ಅಷ್ಟು ಉದ್ದ ಇರುವುದಿಲ್ಲ, ಬಿಸ್ಕೀಟು ಇರಬಹುದು, ಪಾಪ, ಯಾಕೆ ತರಲು ಹೋದಳು, ನನ್ನ ಮುಂದೆಯೇ ಒಳಗೆ ಹೋದಳು, ಒಳಗೆ ಗುಸುಗುಸು, ಗಂಗಾಳ ದನಿ, ಬ್ಯಾಡ ಬೇ ಅತ್ತಿ, ಅವರು ಹಂಗ ಬಂದಿಲ್ಲ, ಮುದುಕಿಯ ದನಿ, ನಿನಗ ತಿಳಿಯಂಗಿಲ್ಲ, ಸುಮ್ನಿರು, ಪ್ಲಾಸ್ಟಿಕ್ಕು ಚರಕ್ಕನೆ ಹರಿದದ್ದು, ಸುರಿಯುವ ಸಪ್ಪಳ, ಲೋಟಕ್ಕೆ ಸುರಿದರೆ ಟಣ್ ಎಂದು ಆರಂಭವಾಗಿ ಮೇಲೇರುತ್ತ ಹೋಗುತ್ತದೆ, ಇದು ಹಾಗಿಲ್ಲ, ಇದು ಮೆತ್ತಗೆ, ಸಪ್ಪೆಯಾಗಿ, ಮಣ್ಣಿಗೆ ಸುರಿದ ಹಾಗೆ. ಹೊರಗೆ ಬಂದಳು ದುರುಗವ್ವ. ಎರಡೂ ಕೈಯಲ್ಲಿ ತಾಟು. ತಾಟಿನ ನಡುವೆ ಪೇಪರ್ ಲೋಟ.

ಬಿಳಿ ಪೇಪರ್ ಲೋಟ, ಒಂದು ಮಗ್ಗಲಿಗೆ ನೀಲಿ ಹೂವು, ತಗೋರಿ ಸರ್, ಸಂಕೋಚ ಪಡಬ್ಯಾಡ್ರಿ, ಯಾರೂ ಮುಟ್ಟಿಲ್ಲ, ಅಂಗಡ್ಯಾಂವ ನನ್ನ ಕಣ್ಣ ಮುಂದ ಹೊಸಾ ಪಾಕೀಟು ಕೊಟ್ಟಾನ. ದನಿಯಲ್ಲಿ ಚುಚ್ಚುವುದು ಏನಾದರೂ ಇದೆಯೇ ಎಂದು ಹುಡುಕಿದೆ, ಇದ್ದರೆ ಹಿಡಿದುಕೊಂಡೇನು, ಅದರ ಕಾಲಿಗಾದರೂ ಬಿದ್ದೇನು, ಇರಲಿಲ್ಲ, ಬಂದವರಿಗೆ ಅನುಕೂಲ ಮಾಡಿಕೊಡುವ ಮುದುಕಿಯ ಮುಖ, ಅಷ್ಟು ಬಿಸಿಲಿನಲ್ಲಿ ಅಂಗಡಿಗೆ ನಡೆದು ಬಂದ ಉಸಿರು ಇನ್ನೂ ಇಳಿದಿಲ್ಲ, ತಾಟು ಚಾಚಿ ಹಿಡಿದಿದ್ದಾಳೆ, ಬೆರಳು ಅಂಚಿನಲ್ಲಿ, ಲೋಟದಿಂದ ಎಷ್ಟು ದೂರವಿರಬೇಕೋ ಅಷ್ಟು ದೂರ, ಅದು ಆಕೆಗೆ ಗೊತ್ತು, ಅಳತೆ ಕೈಗೇ ಗೊತ್ತು. ಅವ್ವಾ, ಮನಿ ಲೋಟದಾಗ ಕೊಟ್ಟಿದ್ರ ನಡೀತಿತ್ತು. ಅಯ್ಯ, ಬ್ಯಾಡ್ರಿ, ಈ ವಯಸ್ಸಿನ್ಯಾಗ ನಿಮ್ಮ ನಿಯಮ ನಾ ಯಾಕ ಕೆಡಸ್ಲಿ. ನಿಯಮ ಮುಗೀತವ್ವಾ, ಚುನಾವಣಿ ಮುಗೀತಲ್ಲ. ಆಕೆ ನಕ್ಕಳು, ಹಲ್ಲಿಲ್ಲದ ಬಾಯಿ, ಎಂಥ ಪ್ರೀತಿಯ ನಗು, ಚುನಾವಣಿ ಮುಗೀತೈತ್ರಿ, ನಿಯಮ ಎಲ್ಲಿ ಮುಗೀತೈತಿ, ಕುಡೀರಿ, ಆರಿ ಹೋಗ್ತೈತಿ. ತಗೊಂಡೆ. ಬಿಸಿ ಬೆರಳಿಗೆ ಹತ್ತಿತು, ಸ್ಟೀಲಿನ ಹಾಗೆ ಸುಡುವುದಿಲ್ಲ ಇದು, ಮೆತ್ತಗೆ ಬೆವರುತ್ತದೆ, ಗಟ್ಟಿ ಹಿಡಿದರೆ ಒಳಗೆ ಹೋಗುತ್ತದೆ. ಬಾಗಿಲೊಳಗೆ ಗಂಗಾ ಉಳಿದದ್ದನ್ನು ಸುರಿಯುತ್ತಿದ್ದಾಳೆ, ಟಣ್ ಎಂದು ಶುರುವಾಗಿ ಮೇಲೇರಿತು, ಒಂದು ಲೋಟ, ಮತ್ತೊಂದು, ದುರುಗವ್ವ ಒಳಗೆ ಹೋಗಿ ಹೊಸ್ತಿಲಾಚೆ ಗೋಡೆಗೆ ಒರಗಿ ಕೂತಳು, ಅತ್ತೆ ಸೊಸೆ ಅಲ್ಲಿ, ನಾನು ಇಲ್ಲಿ, ನಡುವೆ ಹೊಸ್ತಿಲು, ಮೂವರೂ ಅದೇ ಚಹಾ ಹೀರಿದೆವು — ಚಹಾ ಛಲೋ ಆಗಿದೆ, ಶುಂಠಿ, ಬೆಲ್ಲ, ಹಾಲು ಮನೆಯಲ್ಲೇ ಇತ್ತು, ಹಾಗಾದರೆ ಹಾಲು ಮನೆಯಲ್ಲೇ ಇತ್ತು, ಆಕೆ ನಡೆದದ್ದು ಇದಕ್ಕೆ, ಈ ಪೇಪರ್ ಲೋಟಕ್ಕೆ. ನಮ್ಮ ಮನೆಯ ದನದ ಕೊಟ್ಟಿಗೆ, ಈಗ ಯಾಕೆ ಬಂತು ಅದು, ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ತಗ್ಗು ಬಿದ್ದ ಜರ್ಮನ್ ಲೋಟ, ಅಲ್ಯುಮಿನಿಯಮ್ಮಿನದು, ಮುದಿಯಪ್ಪ ಹೊಲದಿಂದ ಬಂದು ತಾನೇ ತಗೊಳ್ಳುತ್ತಿದ್ದ, ನಮ್ಮವ್ವ ಚಹಾ ಮೇಲಿಂದ ಸುರಿಯುತ್ತಿದ್ದಳು, ಕುಡಿದು ತಾನೇ ತೊಳೆದು ಬೋರಲು ಹಾಕಿ ಇಡುತ್ತಿದ್ದ, ಒಂದು ದಿನ ನಾನು ಅದರಲ್ಲಿ ನೀರು ಕುಡಿಯಲು ಹೋದೆ, ಏಳೆಂಟು ವರ್ಷ ನನಗೆ, ಯಾರೂ ಬೈಯುವ ಮೊದಲು ಮುದಿಯಪ್ಪನೇ ಓಡಿ ಬಂದು ಕೈಯಿಂದ ಕಸಿದ, ಬ್ಯಾಡ್ರಿ ಸಣ್ಣ ಗೌಡ್ರ, ಅದು ನಿಮಗಲ್ರಿ, ಎಷ್ಟು ಪ್ರೀತಿಯಿಂದ ಅಂದಿದ್ದ, ಇದೇ ಪ್ರೀತಿ, ಇದೇ ದನಿ. ಅವನು ಪ್ರತಿದಿನ ಕುಡಿದ, ಯಾವ ನಿಯಮ ಯಾರದೆಂದು ಕೇಳದೆ ಕುಡಿದ, ನಾನು ಒಂದು ದಿನ, ಒಂದೇ ದಿನ ಕುಡಿಯುತ್ತಿದ್ದೇನೆ — ಮುಗಿಯಿತು, ತಳದಲ್ಲಿ ಚಹಾಪುಡಿಯ ಎರಡು ಚೂರು, ಒದ್ದೆಯಾದ ಅಂಚಿನಲ್ಲಿ ನನ್ನ ಹಲ್ಲಿನ ಗುರುತು, ಇನ್ನು ಇದನ್ನು ಏನು ಮಾಡಬೇಕು, ತೊಳೆದಿಡಲು ಬರುವುದಿಲ್ಲ, ಗೂಡಿಲ್ಲ, ಆಕೆಯ ಕೈಗೆ ಕೊಡುವಂತಿಲ್ಲ, ಆಕೆಯ ಅಂಗಳದಲ್ಲಿ ಹೇಗೆ ಒಗೆಯಲಿ, ಅಲ್ಲೇ ಇಡ್ರಿ ಸರ್, ನಾ ಆಮ್ಯಾಲೆ ತಗದ ಹಾಕ್ತೀನಿ ಅಂದಳು ಒಳಗಿನಿಂದ, ಇಡಲಿಲ್ಲ, ಬರ್ತೀನವ್ವಾ ಅಂದೆ, ಬಾಯಿಂದ ಬಂತೋ ಇಲ್ಲವೋ, ಎದ್ದು ನಿಂತದ್ದು ನಿಜ, ಬಿಸಿಲು, ಓಣಿ, ಎಲ್ಲ ಮನೆಯ ಕಟ್ಟೆಯ ಮೇಲೂ ಮಂದಿ, ಎಲ್ಲರೂ ನೋಡುತ್ತಿರುವುದು ನನ್ನನ್ನಲ್ಲ, ನನ್ನ ಕೈಯನ್ನು, ಕೈಯಲ್ಲಿ ಪೇಪರ್ ಲೋಟ, ಖಾಲಿ, ಹಗುರ, ನೀಲಿ ಹೂವು ಹೊರಗೆ, ಯಾರೂ ಮುಟ್ಟಿಲ್ಲ, ಯಾರೂ ಮುಟ್ಟಿಲ್ಲದ ಪೇಪರ್ ಲೋಟ.